ಬಿಡುವಿನ ಹೊತ್ತಿಗೆ ಪುಸ್ತಕ ಮತ್ತು ಮನೆಯ ಕೈಕೆಲಸ: ಪದೇ ಪದೇ ಕೇಳೋ ಪ್ರಶ್ನೆಗಳು

ಮಾತಿಗೆ ಸಿಕ್ಕಾಗ, ಪತ್ರದಲ್ಲಿ, ಮೆಸೇಜಲ್ಲಿ ತಿರುಗಾ ಮುರುಗಾ ಬರೋ ಪ್ರಶ್ನೆಗಳನ್ನ ಇಲ್ಲಿ ಒಂದು ಕಡೆ ಸೇರಿಸಿದೀನಿ, ಕೇಳಿದವರು ಹೇಗೆ ಕೇಳಿದ್ರೋ ಹಾಗೇ. ಸುಲಭದ್ದು ಮೊದ್ಲು, ಸ್ವಲ್ಪ ಕೈ ಪಳಗಿದವರಿಗೆ ಬೇಕಾದ್ದು ಆಮೇಲೆ. ನಿಮಗೆ ಬೇಕಾದ್ದನ್ನ ಮಾತ್ರ ಓದಿದ್ರೂ ಸಾಕು.

## ಈಗಷ್ಟೇ ಶುರು ಮಾಡೋರಿಗೆ

ಇರೋ ಬಿಡುವೇ ಇಷ್ಟು, ಇದರಲ್ಲಿ ಓದ್ಲಾ ಇಲ್ಲ ಕೈಕೆಲಸ ಮಾಡ್ಲಾ? ಎರಡೂ ಆಗೋ ಮಾತಾ?

ಆಗತ್ತೆ, ಎರಡೂ ಜೊತೆಗಿದ್ರೇನೇ ಸಲೀಸು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಯಾಕಂದ್ರೆ ಕೈಕೆಲಸದಲ್ಲಿ ಅರ್ಧಕ್ಕರ್ಧ ಹೊತ್ತು ಬರೀ ಕಾಯೋದೇ ಇರತ್ತೆ. ಮರಕ್ಕೆ ಹಾಕೋ ಬಿಳಿ ಅಂಟು ಅರ್ಧ ಗಂಟೆಯಿಂದ ಒಂದು ಗಂಟೆ ಕ್ಲ್ಯಾಂಪಲ್ಲಿ, ಅಂದ್ರೆ ತುಂಡುಗಳನ್ನ ಬಿಗಿಯಾಗಿ ಒತ್ತಿ ಹಿಡಿಯೋ ಸಾಧನದಲ್ಲಿ, ಇರ್ಬೇಕು, ಪೂರ್ತಿ ಗಟ್ಟಿ ಆಗೋಕೆ 24 ಗಂಟೆ ಬೇಕು, ಎಮಲ್ಷನ್ ಪೇಂಟಾದ್ರೆ ಒಂದು ಸಲ ಬಳಿಯೋದಕ್ಕೂ ಇನ್ನೊಂದು ಸಲಕ್ಕೂ ಮಧ್ಯೆ ಸಾಮಾನ್ಯವಾಗಿ 4 ಗಂಟೆ ಬಿಡ್ಬೇಕು. ಈ ಹೊತ್ತಲ್ಲಿ ಕೈ ಸುಮ್ನಿರಲ್ಲ, ಒಣಗಿದ್ಯಾ ಅಂತ ಬೆರಳಿಟ್ಟು ನೋಡ್ತೀವಿ, ಅಲ್ಲೇ ಗುರುತು ಬಿದ್ದು ಕೆಲಸ ಕೆಡತ್ತೆ. ಪುಸ್ತಕ ಕೈಯಲ್ಲಿದ್ರೆ ಆ ತೊಂದ್ರೆ ಇಲ್ಲ. ಓದಿ ಕಣ್ಣು ಸೋತಾಗ ಕೈಗೆ ಕೆಲಸ ಸಿಗತ್ತೆ, ತಿಕ್ಕಿ ಉಜ್ಜಿ ಕೈ ಸೋತಾಗ ಕಣ್ಣಿಗೆ ಕೆಲಸ. ದೊಡ್ಡ ರಜೆ ಬರ್ಲಿ ಆಮೇಲೆ ನೋಡೋಣ ಅಂತ ಮಾತ್ರ ಇಟ್ಕೋಬೇಡಿ, ಒಂದು ಪುಸ್ತಕ ಒಂದು ಸಣ್ಣ ಕೆಲಸ ಎರಡನ್ನೂ ಕಣ್ಣಿಗೆ ಬೀಳೋ ಜಾಗದಲ್ಲಿ ಬಿಚ್ಚಿಟ್ಟಿರಿ, ಸಂಜೆ ಮುಕ್ಕಾಲು ಗಂಟೆ ಸಿಕ್ರೂ ಅದು ದಂಡ ಆಗಲ್ಲ.

ಒಳ್ಳೆ ಪುಸ್ತಕ ಅಂದ್ರೆ ಯಾವ್ದು ಹೇಳಿ, ಒಂದು ಲಿಸ್ಟ್ ಕೊಟ್ರೆ ತಗೊಂಡು ಬಿಡ್ತೀನಿ

ಲಿಸ್ಟ್ ಕೇಳೋರೇ ಜಾಸ್ತಿ, ಆದ್ರೆ ನಾನು ಕೊಡಲ್ಲ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಗಳಿಗೆ ಐದು ಸೂತ್ರ ಹೇಳಿದ್ರು, ಅದರಲ್ಲಿ ಎರಡು ಇಲ್ಲಿಗೆ ಸರಿಯಾಗಿ ಹೊಂದತ್ತೆ: ಪ್ರತಿ ಓದುಗರಿಗೂ ಅವರದ್ದೇ ಆದ ಪುಸ್ತಕ ಇದೆ, ಪ್ರತಿ ಪುಸ್ತಕಕ್ಕೂ ಅದರದ್ದೇ ಆದ ಓದುಗರು ಇದ್ದಾರೆ. ನನಗೆ ಹಿಡಿಸಿದ್ದು ನಿಮಗೆ ಮೂರನೇ ಪುಟಕ್ಕೇ ಸಾಕಾಗ್ಬಹುದು. ಲೈಬ್ರರಿಗೆ ಹೋಗಿ, ಯಾವ ಪುಸ್ತಕ ಅಂತ ಮೊದಲೇ ತೀರ್ಮಾನ ಮಾಡ್ಬೇಡಿ, ಐದಾರು ಪುಸ್ತಕ ಇಳಿಸ್ಕೊಂಡು ಒಂದೊಂದರಲ್ಲೂ ಮೊದಲ ಎರಡು ಪುಟ ಮತ್ತೆ ನಡುವಿನ ಒಂದು ಪುಟ ನಿಂತಲ್ಲೇ ಓದಿ. ಮೊದಲ ಪುಟವನ್ನ ಎಲ್ಲಾ ಲೇಖಕರೂ ಕಷ್ಟಪಟ್ಟು ಚೆನ್ನಾಗೇ ಬರೆದಿರ್ತಾರೆ, ನಡುವಿನ ಪುಟ ಸುಳ್ಳು ಹೇಳಲ್ಲ. ಕಥೆ ಕಾದಂಬರಿ ಓದೋದ್ರಿಂದ ಏನು ಉಪಯೋಗ ಅಂತ ಕೇಳೋರಿಗೆ ಉತ್ತರ ಕೊಡೋ ಅಗತ್ಯ ಇಲ್ಲ, ಬಿಡುವು ನಿಮ್ಮದು.

ಶುರು ಮಾಡಿದ ಪುಸ್ತಕ ಮುಂದಕ್ಕೇ ಹೋಗ್ತಿಲ್ಲ, ಮುಗಿಸ್ಲೇಬೇಕಾ?

ಬೇಡ. 50 ಪುಟ ಅವಕಾಶ ಕೊಡಿ, ಆಗ್ಲೂ ಹಿಡಿಸ್ಲಿಲ್ವಾ, ಮುಚ್ಚಿಡಿ. ಅರ್ಧಕ್ಕೆ ಬಿಟ್ಟ ಪುಸ್ತಕದ ಮೇಲಿನ ಮುಲಾಜಿಗೆ ಬೇರೆ ಯಾವುದನ್ನೂ ಮುಟ್ಟದೇ ಕೂತ್ಕೊಂಡು ಓದೋ ಅಭ್ಯಾಸವನ್ನೇ ಕಳ್ಕೊಂಡವರು ತುಂಬಾ ಜನ ಇದ್ದಾರೆ, ಅದು ನಿಜವಾದ ನಷ್ಟ.

ಓದೋಕೆ ಕೂತ್ರೆ ಹತ್ತು ನಿಮಿಷಕ್ಕೆ ಕೈ ಫೋನ್ ಹತ್ರ ಹೋಗತ್ತೆ, ಏನ್ ಮಾಡೋದು?

ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಂತ ಹೇಳೋದ್ರಿಂದ ಏನೂ ಆಗಲ್ಲ. ಫೋನನ್ನ ಎದ್ದು ಹೋಗಿ ತಗೋಬೇಕಾದ ಕಡೆ, ಅಂದ್ರೆ ಬೇರೆ ರೂಮಲ್ಲಿ ಚಾರ್ಜಿಗೆ ಹಾಕಿ. ಕೈಯಲ್ಲೊಂದು ಪೆನ್ಸಿಲ್ ಇರ್ಲಿ, ಇಷ್ಟ ಆದ ಸಾಲಿನ ಪಕ್ಕ ಸಣ್ಣ ಗೆರೆ ಹಾಕ್ತಾ ಹೋದ್ರೆ ಕೈಗೂ ಏನೋ ಕೆಲಸ ಇದ್ದ ಹಾಗಾಗತ್ತೆ. ಲೈಬ್ರರಿ ಪುಸ್ತಕ ಆದ್ರೆ ಗೆರೆ ಬೇಡ, ಒಂದು ಚೀಟಿಯಲ್ಲಿ ಪುಟದ ನಂಬರ್ ಬರೆದಿಟ್ಕೊಳ್ಳಿ.

ಆಡಿಯೋ ಬುಕ್ ಕೇಳಿದ್ರೆ ಓದಿದ ಲೆಕ್ಕಕ್ಕೆ ಬರತ್ತಾ? ಕೆಲಸ ಮಾಡ್ತಾ ಕೇಳ್ಬಹುದಾ?

ಕಥೆ, ಆತ್ಮಕಥೆ, ಪ್ರವಾಸದ ಬರಹ ಎಲ್ಲಾ ಕೇಳೋಕೆ ತುಂಬಾ ಚೆನ್ನಾಗಿರತ್ತೆ, ಲೆಕ್ಕ ಗಿಕ್ಕ ಏನೂ ಬೇಡ. 2005ರಲ್ಲಿ ಶುರುವಾದ ಲಿಬ್ರಿವಾಕ್ಸ್‌ನಲ್ಲಿ ಕಾಪಿರೈಟ್ ಮುಗಿದ ಪುಸ್ತಕಗಳನ್ನ ಸ್ವಯಂಸೇವಕರು ಓದಿ ಉಚಿತವಾಗಿ ಹಾಕಿರ್ತಾರೆ, ಅಂಥದ್ದೇ ಪುಸ್ತಕಗಳನ್ನ ಕಣ್ಣಲ್ಲಿ ಓದೋಕೆ ಬೇಕು ಅಂದ್ರೆ 1971ರಿಂದ ನಡ್ಕೊಂಡು ಬಂದಿರೋ ಪ್ರಾಜೆಕ್ಟ್ ಗುಟೆನ್‌ಬರ್ಗ್ ಇದೆ. ಕೈಯಲ್ಲಿ ಉಜ್ಜೋವಾಗ, ಬ್ರಷ್ಷಲ್ಲಿ ಬಣ್ಣ ಬಳಿಯೋವಾಗ ಧಾರಾಳವಾಗಿ ಕೇಳಿ. ಕರೆಂಟಿನ ಗರಗಸ, ಡ್ರಿಲ್ ಕೈಯಲ್ಲಿದ್ದಾಗ ಮಾತ್ರ ಖಂಡಿತ ಬೇಡ, ಬ್ಲೇಡ್ ಸಿಕ್ಕಿಹಾಕ್ಕೊಳ್ಳೋ ಮುಂಚೆ ಮೋಟರಿನ ಸದ್ದು ಬದಲಾಗತ್ತೆ, ಆ ಸದ್ದಿನ ಮೇಲೇ ನಿಮ್ಮ ಗಮನ ಇರ್ಬೇಕು.

ಶುರು ಮಾಡೋಕೆ ಏನೇನು ಟೂಲ್ಸ್ ತಗೋಬೇಕು?

ದೊಡ್ಡ ಸೆಟ್ ಪೆಟ್ಟಿಗೆ ತಗೋಬೇಡಿ, ಅದರಲ್ಲಿ ಮುಕ್ಕಾಲು ಪಾಲು ಮುಟ್ಟೋದೇ ಇಲ್ಲ. ಅಳತೆ ಟೇಪ್, ಮೂಲೆಮಟ್ಟ, ಪೆನ್ಸಿಲ್, ಒಂದು ಕೈಗರಗಸ, ಸುತ್ತಿಗೆ, ಎರಡು ಥರದ ಸ್ಕ್ರೂಡ್ರೈವರ್, ಒಂದು ಚೂಪಾದ ಕಟರ್, ಸ್ಪಿರಿಟ್ ಲೆವೆಲ್ (ಗಾಳಿಗುಳ್ಳೆ ನೋಡಿ ಮಟ್ಟ ತಿಳಿಯೋ ಪಟ್ಟಿ), ಎರಡು ಕ್ಲ್ಯಾಂಪ್. ಡ್ರಿಲ್ ಮಿಷಿನ್ ಯಾರದ್ದಾದ್ರೂ ಇಸ್ಕೊಂಡು ಒಂದೆರಡು ಕೆಲಸ ಮಾಡಿ ನೋಡಿ, ನಿಮಗೆ ಎಂಥದ್ದು ಬೇಕು ಅಂತ ಆಗ ಗೊತ್ತಾಗತ್ತೆ. ಕಣ್ಣಿಗೆ ಹಾಕೋ ಕನ್ನಡಕ ಮತ್ತೆ ಧೂಳಿನ ಮಾಸ್ಕ್ ಮಾತ್ರ ಮೊದಲ ದಿನದಿಂದ್ಲೇ ಇರ್ಲಿ. ಹೊಸ ಸ್ಪಿರಿಟ್ ಲೆವೆಲ್ ಸರಿ ಇದ್ಯಾ ಅಂತ ನೋಡೋದು ಸುಲಭ: ಟೇಬಲ್ ಮೇಲಿಟ್ಟು ಗುಳ್ಳೆ ಎಲ್ಲಿದೆ ನೋಡಿ, ಆಮೇಲೆ ಅದೇ ಜಾಗದಲ್ಲಿ ಉಲ್ಟಾ ತಿರುಗಿಸಿ, ಅಂದ್ರೆ ಎಡದ ತುದಿ ಬಲಕ್ಕೆ ಬರೋ ಹಾಗಿಡಿ. ಗುಳ್ಳೆ ನಿಮ್ಮ ಕಣ್ಣಿಗೆ ಮೊದಲು ಇದ್ದ ಕಡೆಗೇ ನಿಂತ್ರೆ ಲೆವೆಲ್ ಸರಿ ಇದೆ, ಬೇರೆ ಕಡೆ ವಾಲಿದ್ರೆ ಅಂಗಡಿಗೆ ವಾಪಸ್ ಕೊಡಿ.

ನನ್ನ ಟೇಪಿನ ತುದಿಯ ಕೊಕ್ಕೆ ಲೊಡಲೊಡ ಅಲ್ಲಾಡತ್ತೆ, ಹಾಳಾಗಿದ್ಯಾ?

ಇಲ್ಲ, ಅದು ಬೇಕು ಅಂತಲೇ ಹಾಗೆ ಮಾಡಿರೋದು. ಆ ಕೊಕ್ಕೆ ತನ್ನದೇ ದಪ್ಪದಷ್ಟು ಹಿಂದೆ ಮುಂದೆ ಸರಿಯತ್ತೆ. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಹೊರಗೆ ಬರತ್ತೆ, ಕಪಾಟಿನ ಒಳಗೆ ಗೋಡೆಗೆ ಒತ್ತಿ ಅಳೆದಾಗ ಒಳಗೆ ಹೋಗತ್ತೆ, ಎರಡು ಸಲಾನೂ ಸೊನ್ನೆ ಸರಿಯಾದ ಜಾಗದಲ್ಲೇ ಬರತ್ತೆ. ಅದನ್ನ ಬಡಿದು ಬಿಗಿ ಮಾಡಿದ್ರೆ ಆವತ್ತಿನಿಂದ ಒಂದಲ್ಲ ಒಂದು ಅಳತೆ ತಪ್ಪತ್ತೆ. ಇನ್ನೊಂದು, ಗರಗಸದ ಹಲ್ಲು ಒಂದೆರಡು ಮಿಲಿಮೀಟರ್ ಮರವನ್ನ ಪುಡಿ ಮಾಡೇ ಮಾಡತ್ತೆ, ಹಾಗಾಗಿ ಗೆರೆಯ ಮೇಲೆ ಕೊಯ್ಬೇಡಿ, ಬಿಸಾಕೋ ಕಡೆಗೆ ಗೆರೆಗೆ ತಾಗ್ಕೊಂಡ ಹಾಗೆ ಕೊಯ್ಯಿರಿ.

ಮೊದಲ ಪ್ರಾಜೆಕ್ಟ್ ಯಾವ್ದು ಮಾಡ್ಲಿ? ಒಂದೇ ಸಂಜೆಯಲ್ಲಿ ಮುಗಿಯೋ ಥರದ್ದು ಹೇಳಿ

ನೋಟ್‌ಬುಕ್ ಹೊಲೀರಿ. ಓದೋರಿಗೆ ಇದಕ್ಕಿಂತ ಒಳ್ಳೆ ಶುರುವಾತು ನನಗೆ ಗೊತ್ತಿಲ್ಲ, ಓದಿದ್ದನ್ನ ಬರೆದಿಡೋಕೂ ಆಯ್ತು, ಪುಸ್ತಕ ಅನ್ನೋ ವಸ್ತು ಹೇಗೆ ನಿಂತಿರತ್ತೆ ಅಂತಾನೂ ಬೆರಳಿಗೇ ತಿಳಿಯತ್ತೆ. ಎಂಟು ಹಾಳೆ ತಗೊಂಡು ಒಟ್ಟಿಗೆ ಮಧ್ಯಕ್ಕೆ ಮಡಚಿ, 32 ಪುಟ ಆಗತ್ತೆ, ಮೇಲೊಂದು ದಪ್ಪ ಹಾಳೆ ಹೊದಿಸಿ. ಮಡಿಕೆಯ ಗೆರೆಯ ಮೇಲೆ ನಟ್ಟನಡುವೆ ಒಂದು, ಮೇಲೊಂದು, ಕೆಳಗೊಂದು, ಹೀಗೆ ಮೂರು ತೂತು ದಬ್ಬಣದಲ್ಲಿ ಮಾಡಿ. ಗಟ್ಟಿ ದಾರ ಪೋಣಿಸಿದ ಸೂಜಿಯನ್ನ ಒಳಗಡೆಯಿಂದ ನಡುವಿನ ತೂತಲ್ಲಿ ಹೊರಗೆ ತೆಗೀರಿ, ದಾರದ ತುದಿ ಒಂದು ಗೇಣಷ್ಟು ಒಳಗೇ ಉಳೀಲಿ. ಹೊರಗಡೆಯಿಂದ ಮೇಲಿನ ತೂತಲ್ಲಿ ಒಳಗೆ ಬನ್ನಿ. ಒಳಗಡೆ ನಡುವಿನ ತೂತು ಬಿಟ್ಟು ಸೀದಾ ಕೆಳಗಿನ ತೂತಲ್ಲಿ ಹೊರಗೆ ಹೋಗಿ, ಕಡೆಗೆ ಮತ್ತೆ ನಡುವಿನ ತೂತಲ್ಲೇ ಒಳಗೆ ಬನ್ನಿ. ಈಗ ಎರಡು ತುದಿನೂ ಒಳಗಡೆ ನಡುವಲ್ಲೇ ಇರತ್ತೆ, ಉದ್ದಕ್ಕೆ ಹೋಗಿರೋ ದಾರದ ಆ ಕಡೆ ಒಂದು ಈ ಕಡೆ ಒಂದು ತುದಿ ಬರೋ ಹಾಗೆ ಬಿಗಿಯಾಗಿ ಗಂಟು ಹಾಕಿ. ಹಾಳೆ ಯಾವ ದಿಕ್ಕಿಗೆ ಸಲೀಸಾಗಿ ಮಡಚ್ಕೊಳ್ಳತ್ತೋ ಅದೇ ದಿಕ್ಕಿಗೆ ಬೆನ್ನಿನ ಮಡಿಕೆ ಬರ್ಲಿ, ಕಾಗದದ ನಾರು ಆ ಕಡೆಗೇ ಮಲಗಿರತ್ತೆ, ಇಲ್ದಿದ್ರೆ ಪುಸ್ತಕ ಬಿಚ್ಚಿಟ್ರೆ ಸಪಾಟಾಗಿ ಕೂರಲ್ಲ.

ಎಲ್ಲದಕ್ಕೂ ವೀಡಿಯೋ ಇದ್ಯಲ್ಲಾ, ಕೈಕೆಲಸ ಕಲಿಯೋಕೆ ಪುಸ್ತಕ ಯಾಕೆ?

ಕೈ ಹೇಗೆ ಓಡತ್ತೆ ಅನ್ನೋದನ್ನ ವೀಡಿಯೋ ತೋರಿಸಿದಷ್ಟು ಚೆನ್ನಾಗಿ ಪುಸ್ತಕ ತೋರಿಸಲ್ಲ, ಅದು ನಿಜ. ಆದ್ರೆ ವೀಡಿಯೋದಲ್ಲಿ ಆ ಒಬ್ಬರ ಆ ಒಂದು ಕೆಲಸ ಇರತ್ತೆ. ಯಾಕೆ ಹಾಗೆ, ಮರ ಬೇರೆ ಆದ್ರೆ ಏನ್ ಮಾಡ್ಬೇಕು, ಎಷ್ಟು ದಪ್ಪಕ್ಕೆ ಎಷ್ಟು ಉದ್ದದ ಸ್ಕ್ರೂ ಅನ್ನೋದೆಲ್ಲ ಒಂದು ಒಳ್ಳೆ ಪುಸ್ತಕದಲ್ಲಿ ಪಟ್ಟಿ ಚಿತ್ರದ ಸಮೇತ ಸಿಗತ್ತೆ, ಅಂಟು ಮೆತ್ತಿದ ಕೈಯಲ್ಲಿ ಸ್ಕ್ರೀನ್ ಮುಟ್ಟೋದೂ ತಪ್ಪತ್ತೆ. ನಾನು ಮಾಡೋದು ಹೀಗೆ: ಮೊದಲು ಆ ಅಧ್ಯಾಯ ಪೂರ್ತಿ ಓದೋದು, ಆಮೇಲೆ ವೀಡಿಯೋ ನೋಡೋದು, ಕೆಲಸ ಆದ್ಮೇಲೆ ಅದೇ ಅಧ್ಯಾಯ ಮತ್ತೆ ಓದೋದು. ಎರಡನೇ ಸಲ ಓದಿದಾಗ, ಮೊದಲು ಕಣ್ಣಿಗೇ ಬೀಳದಿದ್ದ ಸಾಲುಗಳೆಲ್ಲ ಎದ್ದು ಕಾಣತ್ತೆ. ಲೈಬ್ರರಿಯಲ್ಲಿ ಡ್ಯೂಯಿ ನಂಬರ್, ಅಂದ್ರೆ ವಿಷಯಕ್ಕೊಂದು ನಂಬರ್ ಕೊಡೋ ಪದ್ಧತಿ, ಪ್ರಕಾರ ಜೋಡಿಸಿದ್ರೆ ಮರಗೆಲಸ 684ರಲ್ಲಿ, ಮನೆ ರಿಪೇರಿ 643ರಲ್ಲಿ ಹುಡುಕಿ.

## ಒಂದೆರಡು ಕೆಲಸ ಮಾಡಿ ಧೈರ್ಯ ಬಂದವರಿಗೆ

ಪುಸ್ತಕ ಇಡೋಕೆ ನಾನೇ ಕಪಾಟು ಮಾಡ್ಬೇಕು ಅಂತಿದೀನಿ, ಹಲಗೆ ಮಧ್ಯದಲ್ಲಿ ಜೋತು ಬೀಳದ ಹಾಗೆ ಹೇಗೆ ಮಾಡೋದು?

ತುಂಬಾ ಜನ ಕೇಳೋ ಪ್ರಶ್ನೆ, ಉತ್ತರಾನೂ ಸ್ವಲ್ಪ ಉದ್ದ. ಪುಸ್ತಕದ ಭಾರ ಜನ ಅಂದ್ಕೊಳ್ಳೋದಕ್ಕಿಂತ ಜಾಸ್ತಿ, ಸಾಧಾರಣ ಪುಸ್ತಕಗಳನ್ನ ಒತ್ತೊತ್ತಾಗಿ ನಿಲ್ಲಿಸಿದ್ರೆ ಒಂದು ಮೀಟರ್ ಉದ್ದಕ್ಕೆ ಸುಮಾರು 25ರಿಂದ 30 ಕೆಜಿ, ದಪ್ಪ ಕಾಗದದ ದೊಡ್ಡ ಪುಸ್ತಕ ಆದ್ರೆ 40 ಕೂಡ ದಾಟತ್ತೆ. ಹಲಗೆ ಬಗ್ಗೋದು ಅದರ ಉದ್ದದ ಮೇಲೆ ಎಷ್ಟು ನಿಂತಿದೆ ಅಂದ್ರೆ, ಎರಡು ಆಧಾರದ ನಡುವಿನ ಉದ್ದ ಎರಡು ಪಟ್ಟು ಮಾಡಿ ಪೂರ್ತಿ ಪುಸ್ತಕ ತುಂಬಿಸಿದ್ರೆ ಬಾಗು 16 ಪಟ್ಟಾಗತ್ತೆ. ದಪ್ಪ ಎರಡು ಪಟ್ಟು ಮಾಡಿದ್ರೆ ಬಾಗು ಎಂಟನೇ ಒಂದು ಭಾಗಕ್ಕೆ ಇಳಿಯತ್ತೆ. ಅದಕ್ಕೇ 18 ಮಿಮೀ ಪ್ಲೈವುಡ್‌ಗೆ ಒಂದು ಆಧಾರದಿಂದ ಇನ್ನೊಂದಕ್ಕೆ 75 ಸೆಂಮೀ ದಾಟಿಸ್ಬೇಡಿ, ಅಷ್ಟೇ ದಪ್ಪದ ಪಾರ್ಟಿಕಲ್ ಬೋರ್ಡ್ (ಮರದ ಚೂರುಗಳನ್ನ ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಆದ್ರೆ 60ಕ್ಕೇ ನಿಲ್ಲಿಸಿ. ಪಾರ್ಟಿಕಲ್ ಬೋರ್ಡಿಗೆ ಇನ್ನೊಂದು ಗುಣ ಇದೆ, ಇವತ್ತು ನೆಟ್ಟಗಿದ್ದದ್ದು ಅದೇ ಭಾರಕ್ಕೆ ವರ್ಷ ಕಳೆದ ಹಾಗೆ ನಿಧಾನಕ್ಕೆ ಬಾಗ್ತಾನೇ ಹೋಗತ್ತೆ.

ಉದ್ದ ಬೇಕೇ ಬೇಕು ಅಂದ್ರೆ ಹಲಗೆಯ ಮುಂದಿನ ಅಂಚಿನ ಕೆಳಗೆ ನಾಲ್ಕು ಸೆಂಮೀ ಎತ್ತರದ ಮರದ ಪಟ್ಟಿಯನ್ನ ನಿಲ್ಲಿಸಿ ಅಂಟು ಸ್ಕ್ರೂ ಎರಡೂ ಹಾಕಿ, ನೋಡೋಕೂ ದಪ್ಪ ಹಲಗೆ ಥರ ಕಾಣತ್ತೆ, ಬಾಗೋದೂ ತುಂಬಾ ಕಮ್ಮಿ ಆಗತ್ತೆ. ಹಿಂದಿನ ಅಂಚನ್ನ ಬೆನ್ನಿನ ಶೀಟಿಗೆ ಸ್ಕ್ರೂ ಮಾಡಿದ್ರೆ ಇನ್ನೂ ಒಳ್ಳೇದು. ಆಳ 25 ಸೆಂಮೀ ಇದ್ರೆ ಹೆಚ್ಚುಕಮ್ಮಿ ಎಲ್ಲಾ ಪುಸ್ತಕನೂ ಕೂರತ್ತೆ. ಇನ್ನೂ ಆಳ ಮಾಡಿದ್ರೆ ಹಿಂದೊಂದು ಸಾಲು ಹುಟ್ಕೊಂಡು ಆ ಪುಸ್ತಕಗಳು ಮರ್ತೇ ಹೋಗತ್ತೆ. ಭಾರದ ಪುಸ್ತಕ ಕೆಳಗೆ ಇಡಿ, ಮತ್ತೆ ಎದೆಮಟ್ಟಕ್ಕಿಂತ ಎತ್ತರದ ಕಪಾಟನ್ನ ಮೇಲ್ಗಡೆ ಎಲ್ ಬ್ರಾಕೆಟ್ ಹಾಕಿ ಗೋಡೆಗೆ ಕಟ್ಟಲೇಬೇಕು, ಮನೇಲಿ ಹತ್ತೋ ವಯಸ್ಸಿನ ಮಗು ಇದ್ರೆ ಎಷ್ಟೇ ಗಿಡ್ಡ ಕಪಾಟಿದ್ರೂ ಕಟ್ಟಿ.

ಚೌಕಟ್ಟು ಜೋಡಿಸಿದ್ಮೇಲೆ ಮೂಲೆ ಸರಿಯಾಗಿ 90 ಡಿಗ್ರಿ ಇದ್ಯಾ ಅಂತ ಹೇಗೆ ಗೊತ್ತಾಗತ್ತೆ?

ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡೂ ಕಡೆ ಅಳೀರಿ. ಎದುರುಬದುರು ಬದಿಗಳು ಒಂದೇ ಅಳತೆ ಇದ್ದು, ಈ ಎರಡು ಕರ್ಣನೂ ಒಂದೇ ಬಂದ್ರೆ ಮೂಲೆ ಸರಿ ಇದೆ. ಒಂದು ಉದ್ದ ಬಂದ್ರೆ ಅಂಟು ಒಣಗೋ ಮುಂಚೇನೇ ಆ ಉದ್ದದ ಮೂಲೆಗಳನ್ನ ಕ್ಲ್ಯಾಂಪಲ್ಲಿ ಮೆಲ್ಲಗೆ ಒತ್ತಿ ಸರಿ ಮಾಡಿ. ಒಣಗಿದ ಮೇಲೆ ಏನೂ ಮಾಡೋಕಾಗಲ್ಲ.

ಸ್ಕ್ರೂ ಹಾಕಿದ ಕೂಡ್ಲೇ ಮರ ಸೀಳತ್ತೆ, ಯಾಕೆ?

ಮೊದಲೇ ತೂತು ಮಾಡದೆ ಹಾಕ್ತಿದೀರಿ, ಅದಕ್ಕೆ. ಸ್ಕ್ರೂವಿನ ನಡುಕಂಬ, ಅಂದ್ರೆ ಎಳೆ ಬಿಟ್ಟು ಒಳಗಿನ ಕಡ್ಡಿ ಎಷ್ಟು ದಪ್ಪ ಇದ್ಯೋ ಅಷ್ಟೇ ದಪ್ಪದ ತೂತು ಮಾಡಿ, ಅಂಚಿನ ಹತ್ರ ಅಂತೂ ತಪ್ಪಿಸ್ಲೇಬೇಡಿ. ಗಟ್ಟಿ ಮರ ಆದ್ರೆ ಸ್ಕ್ರೂವಿನ ಎಳೆಗೆ ಸ್ವಲ್ಪ ಮೇಣ ಸವರಿ, ಸಲೀಸಾಗಿ ಇಳಿಯತ್ತೆ.

ಗೋಡೆಗೆ ಡ್ರಿಲ್ ಮಾಡೋಕೆ ಭಯ, ವೈರಿಗೆ ತಾಗಿದ್ರೆ?

ಭಯ ಇರೋದು ಒಳ್ಳೇದೇ. ಸ್ವಿಚ್ಚು, ಸಾಕೆಟ್ಟಿಂದ ನೇರ ಮೇಲಕ್ಕೆ, ನೇರ ಕೆಳಕ್ಕೆ, ನೇರ ಅಕ್ಕಪಕ್ಕಕ್ಕೆ ಕೊರೀಬೇಡಿ, ವೈರು ಸಾಮಾನ್ಯವಾಗಿ ಆ ಸಾಲಲ್ಲೇ ಓಡಿರತ್ತೆ. ನಲ್ಲಿಯ ಸಾಲಲ್ಲೂ ಅಷ್ಟೇ. ಅನುಮಾನ ಇದ್ರೆ ವೈರು ಪೈಪು ಪತ್ತೆ ಮಾಡೋ ಸಣ್ಣ ಡಿಟೆಕ್ಟರ್ ಸಿಗತ್ತೆ, ಅದನ್ನ ಓಡಿಸಿ ನೋಡಿ. ಇಟ್ಟಿಗೆ, ಕಾಂಕ್ರೀಟಿಗೆ ಮೇಸನ್ರಿ ಬಿಟ್, ಅಂದ್ರೆ ಗೋಡೆ ಕೊರೆಯೋ ಡ್ರಿಲ್ ಮೊನೆ, ಹಾಕಿ ಹ್ಯಾಮರ್ ಮೋಡಲ್ಲಿ (ಬಡೀತಾ ತಿರುಗೋ ಹಾಗೆ) ಕೊರೀರಿ, ಟೈಲ್ಸ್ ಮೇಲಾದ್ರೆ ಹ್ಯಾಮರ್ ಆಫ್ ಮಾಡಿ ಟೈಲ್ ಬಿಟ್ ಹಾಕಿ, ಜಾರದ ಹಾಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಸ್ಕ್ರೂ ಕಚ್ಕೊಳ್ಳೋಕೆ ತೂತೊಳಗೆ ಹಾಕೋ ಪ್ಲಗ್ 6 ಮಿಮೀ ಇದ್ರೆ ಬಿಟ್ಟೂ 6 ಮಿಮೀ. ಎಷ್ಟು ಆಳ ಬೇಕೋ ಅಲ್ಲಿಗೆ ಬಿಟ್ಟಿನ ಮೇಲೇ ಟೇಪ್ ಸುತ್ತಿ, ತೂತಿನ ಧೂಳು ತೆಗೆದು ಆಮೇಲೆ ಪ್ಲಗ್ ಹಾಕಿ. ಪ್ಲಗ್ ಕಚ್ಕೊಳ್ಬೇಕಾದ್ದು ಒಳಗಿನ ಇಟ್ಟಿಗೆಗೆ, ಮೇಲಿನ ಪ್ಲಾಸ್ಟರಿಗಲ್ಲ, ಪುಸ್ತಕದ ಹಲಗೆ ಗೋಡೆಯಿಂದ ಕಿತ್ತು ಬರೋದಕ್ಕೆ ಬಹಳ ಸಲ ಇದೇ ಕಾರಣ.

ಸ್ಯಾಂಡ್ ಪೇಪರ್ ನಂಬರ್ ತಲೆ ಕೆಡಿಸತ್ತೆ, ಯಾವುದು ತಗೊಳ್ಲಿ?

ನಂಬರ್ ಜಾಸ್ತಿ ಆದಷ್ಟೂ ನುಣುಪು. 80ರಲ್ಲಿ ಒರಟು ತೆಗೀರಿ, 120, 180, ಕಡೆಗೆ 220. ಯಾವಾಗ್ಲೂ ಮರದ ಗೆರೆ ಓಡಿದ ದಿಕ್ಕಿಗೇ ಉಜ್ಜಿ, ಮಧ್ಯೆ ಒಂದು ನಂಬರ್ ಹಾರಿಸಿದ್ರೆ ಹಿಂದಿನದ್ದರ ಗೀರು ಪಾಲಿಶ್ ಹಾಕಿದ ಮೇಲೆ ಎದ್ದು ಕಾಣತ್ತೆ. ಪ್ಲೈವುಡ್ಡಿನ ಮೇಲ್ಪದರ ತುಂಬಾ ತೆಳು, ಅಲ್ಲಿ 80 ಮುಟ್ಟಿಸ್ಲೇಬೇಡಿ.

ಶೆಲ್ಫಿಗೆ ಪೇಂಟ್ ಹೊಡೆದು ಎರಡು ದಿನ ಆಯ್ತು, ಚೆನ್ನಾಗಿ ಒಣಗಿದೆ, ಪುಸ್ತಕ ಜೋಡಿಸ್ಲಾ?

ದಯವಿಟ್ಟು ಬೇಡ. ಮುಟ್ಟಿದ್ರೆ ಅಂಟದೇ ಇರೋದು ಬೇರೆ, ಪೇಂಟ್ ಪೂರ್ತಿ ಗಟ್ಟಿ ಆಗೋದೇ ಬೇರೆ. ನೀರಿನ ಪೇಂಟು ಒಂದೆರಡು ಗಂಟೆಗೆ ಒಣಗಿದ ಹಾಗೆ ಕಂಡ್ರೂ ಒಳಗೆ ಗಟ್ಟಿ ಆಗೋಕೆ ಎರಡರಿಂದ ನಾಲ್ಕು ವಾರ ತಗೊಳ್ಳತ್ತೆ. ಅದಕ್ಕೆ ಮುಂಚೆ ಭಾರದ ಪುಸ್ತಕ ನಿಲ್ಲಿಸಿದ್ರೆ ಅಡಿ ಹೋಗಿ ಪೇಂಟಿಗೆ ಕಚ್ಕೊಳ್ಳತ್ತೆ, ಎಳೆದಾಗ ಒಂದೋ ಪೇಂಟ್ ಕಿತ್ತು ಬರತ್ತೆ ಇಲ್ಲ ರಟ್ಟಿನ ಬಟ್ಟೆ. ಅಷ್ಟು ದಿನ ಪುಸ್ತಕಗಳು ಡಬ್ಬದಲ್ಲೇ ಇರ್ಲಿ, ಓದ್ತಿರೋ ಒಂದೆರಡನ್ನ ಮಾತ್ರ ಹೊರಗಿಟ್ಕೊಳ್ಳಿ.

## ಕೈ ಪಳಗಿದ ಮೇಲೆ

ಹಳೇ ಪುಸ್ತಕದ ರಟ್ಟು ಕಿತ್ತು ಬರ್ತಿದೆ, ಸೆಲ್ಲೋಟೇಪ್ ಹಾಕ್ಬಹುದಾ?

ಸೆಲ್ಲೋಟೇಪ್ ಮಾತ್ರ ಹತ್ರಾನೂ ತರ್ಬೇಡಿ. ಕೆಲವು ವರ್ಷಕ್ಕೆ ಟೇಪ್ ಒಣಗಿ ಉದುರತ್ತೆ, ಅದರ ಅಂಟು ಮಾತ್ರ ಕಾಗದದ ಒಳಗೆ ಇಳಿದು ಕಂದು ಕಲೆಯಾಗಿ ಉಳಿಯತ್ತೆ, ಅದನ್ನ ತೆಗೆಯೋದು ಪರಿಣತರಿಗೂ ಕಷ್ಟ. ರಟ್ಟಿನ ಪುಸ್ತಕದ ಕೀಲು ಸಡಿಲ ಆಗಿದ್ರೆ, ಆದ್ರೆ ಹರಿದಿಲ್ಲ ಅಂದ್ರೆ, ಮನೇಲೇ ಸರಿ ಮಾಡ್ಬಹುದು: ಪುಸ್ತಕವನ್ನ ನೆಟ್ಟಗೆ ನಿಲ್ಲಿಸಿ ರಟ್ಟು ಸ್ವಲ್ಪ ಬಿಡಿಸಿದ್ರೆ ಬೆನ್ನಿನ ಪಕ್ಕ ಒಂದು ಸಂದು ಕಾಣತ್ತೆ, ತೆಳ್ಳಗಿನ ಸ್ವೆಟರ್ ಕಡ್ಡಿಗೆ ಪಿವಿಎ ಅನ್ನೋ ಬಿಳಿ ಅಂಟು ಸವರಿ ಆ ಸಂದಿನೊಳಗೆ ಇಳಿಸಿ, ಉರುಳಿಸ್ತಾ ಅಂಟು ಬಿಡಿಸಿ, ಕೆಳಗಿನ ತುದಿಯಿಂದ್ಲೂ ಹಾಗೇ ಮಾಡಿ. ಹೊರಗೆ ಉಕ್ಕಿದ್ದನ್ನ ಒರೆಸಿ, ರಟ್ಟಿನ ಒಳಗಡೆ ಮೇಣದ ಕಾಗದ ಇಟ್ಟು ಮುಚ್ಚಿ, ಮೇಲೆ ನಾಲ್ಕು ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಹರಿದ ಪುಟಕ್ಕೆ ಜಪಾನಿ ಟಿಶ್ಯೂ ಅನ್ನೋ ತೆಳ್ಳಗಿನ, ಉದ್ದ ನಾರಿನ ಕಾಗದ ಮತ್ತೆ ಗೋಧಿ ಪಿಷ್ಟದ ಅಂಟು ಸರಿ, ಅದನ್ನ ಮುಂದೆ ಬೇಕಾದ್ರೆ ನೀರಿನ ಪಸೆಯಿಂದ ಬಿಡಿಸ್ಬಹುದು. ಅಪರೂಪದ ಪುಸ್ತಕ, ಮನೆತನದ ಕೈಬರಹ ಅಂಥದ್ದನ್ನ ನೀವು ಮುಟ್ಟಬೇಡಿ, ತಿಳಿದವರಿಗೆ ಕೊಡಿ.

ಪುಸ್ತಕಕ್ಕೆ ಹುಳ ಬಿದ್ದಿದೆ, ಪುಟ ಹಳದಿ ಆಗ್ತಿದೆ, ಉಳಿಸ್ಕೊಳ್ಳೋದು ಹೇಗೆ?

ಹುಳ ಬಿದ್ದ ಪುಸ್ತಕವನ್ನ ಬೇರೆಯವುಗಳಿಂದ ಮೊದಲು ದೂರ ಇಡಿ. ಪ್ಲಾಸ್ಟಿಕ್ ಕವರಲ್ಲಿ ಗಾಳಿಯಾಡದ ಹಾಗೆ ಕಟ್ಟಿ ಮೈನಸ್ 20 ಡಿಗ್ರಿ ಹತ್ರ ಇರೋ ಫ್ರೀಜರಲ್ಲಿ ಎರಡು ವಾರ ಇಟ್ರೆ ಹುಳ, ಮೊಟ್ಟೆ ಎರಡೂ ಸಾಯತ್ತೆ. ಹೊರಗೆ ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಬೇಡಿ, ಬಿಚ್ಚಿದ್ರೆ ತಣ್ಣಗಿರೋ ಕಾಗದದ ಮೇಲೆ ನೀರು ಕೂರತ್ತೆ. ಹಳದಿ ಆಗೋದು ಬೇರೆ ವಿಷಯ. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಅನ್ನೋ ಅಂಶ ಉಳ್ಕೊಂಡಿರತ್ತೆ, ಅದು ಗಾಳಿ ಬೆಳಕಿಗೆ ಬಣ್ಣ ತಿರುಗತ್ತೆ, ಅದನ್ನ ಮನೇಲಿ ವಾಪಸ್ ಬಿಳಿ ಮಾಡೋಕೆ ಹೋಗ್ಬೇಡಿ. ಬಿಸಿಲು ನೇರ ಬೀಳದ, ತೇವ ಇಲ್ಲದ ಒಳಗೋಡೆಗೆ ಕಪಾಟು ಇಟ್ಟು, ಹಿಂದೆ ಎರಡು ಬೆರಳು ಜಾಗ ಬಿಟ್ರೆ ಗಾಳಿಯಾಡತ್ತೆ, ಬೂಸ್ಟೂ ಹಿಡಿಯಲ್ಲ.

ಮರಕ್ಕೆ ಎಣ್ಣೆ ಪಾಲಿಶ್ ಹಾಕಿದ ಬಟ್ಟೆ ತಾನಾಗೇ ಹೊತ್ಕೊಳ್ಳತ್ತೆ ಅಂತಾರೆ, ನಿಜಾನಾ?

ನೂರಕ್ಕೆ ನೂರು ನಿಜ. ಅಗಸೆ ಎಣ್ಣೆ ಥರದ್ದು ಗಾಳಿಯಲ್ಲಿರೋ ಆಮ್ಲಜನಕದ ಜೊತೆ ಸೇರಿ ಗಟ್ಟಿ ಆಗತ್ತೆ, ಹಾಗಾಗೋವಾಗ ಶಾಖ ಹುಟ್ಟತ್ತೆ. ಬಟ್ಟೆ ಹರಡಿದ್ರೆ ಆ ಶಾಖ ಹಾರಿ ಹೋಗತ್ತೆ, ಮುದ್ದೆ ಮಾಡಿ ಮೂಲೆಗೆ ಎಸೆದ್ರೆ ಒಳಗೇ ಸೇರ್ಕೊಂಡು ಬೆಂಕಿ ಹತ್ತತ್ತೆ, ಕಿಡಿ ಬೇಕಾಗೇ ಇಲ್ಲ. ಕೆಲಸ ಆದ ತಕ್ಷಣ ಆ ಬಟ್ಟೆಗಳನ್ನ ಮನೆ ಹೊರಗೆ ಒಂದೊಂದಾಗಿ ಹರಡಿ ಗರಿಗರಿ ಒಣಗಿಸಿ, ಇಲ್ಲ ಅಂದ್ರೆ ನೀರು ತುಂಬಿದ, ಮುಚ್ಚಳ ಇರೋ ಲೋಹದ ಡಬ್ಬದಲ್ಲಿ ಮುಳುಗಿಸಿಡಿ.

ಯಾವ ಕೆಲಸಕ್ಕೆ ನಾವೇ ಕೈ ಹಾಕ್ಬಾರ್ದು?

ಮೇನ್ ಬೋರ್ಡಿನ ವೈರಿಂಗ್, ಗ್ಯಾಸ್ ಲೈನ್, ಮನೆಯ ಭಾರ ಹೊತ್ತಿರೋ ಗೋಡೆ ಒಡೆಯೋದು, ಎತ್ತರದ ಛಾವಣಿ. ಇಷ್ಟಕ್ಕೂ ಲೈಸೆನ್ಸ್ ಇರೋ, ಅದೇ ಕೆಲಸ ಮಾಡೋ ಜನ ಬೇಕು. ತುಂಬಾ ಹಳೇ ಮನೆಯ ಪೇಂಟಲ್ಲಿ ಸೀಸ ಇರೋ ಸಾಧ್ಯತೆ ಇದೆ, ಟೆಸ್ಟ್ ಮಾಡಿಸದೆ ಒಣಗಿದ ಹಾಗೇ ಉಜ್ಬೇಡಿ, ಆ ಧೂಳು ಮಕ್ಕಳಿಗೆ ವಿಷ.

ಮೂರು ಪ್ರಾಜೆಕ್ಟ್ ಅರ್ಧಕ್ಕೆ ನಿಂತಿದೆ, ನಾಲ್ಕು ಪುಸ್ತಕ ಅರ್ಧ ಓದಿದೀನಿ, ಈಗ ಎಲ್ಲಿಂದ ಹಿಡೀಲಿ?

ಎಲ್ಲವನ್ನೂ ಒಂದು ಕಡೆ ಹರವಿ, ಯಾವುದು ಮುಗಿಯೋಕೆ ಕಮ್ಮಿ ಹೊತ್ತು ಸಾಕೋ ಅದನ್ನ ಮೊದಲು ಎತ್ಕೊಳ್ಳಿ, ಎಷ್ಟೇ ಸಣ್ಣದಿದ್ರೂ ಪರವಾಗಿಲ್ಲ. ಉಳಿದ ಪ್ರಾಜೆಕ್ಟುಗಳಲ್ಲಿ ಒಂದೊಂದಕ್ಕೂ ಮುಂದಿನ ಒಂದೇ ಒಂದು ಹೆಜ್ಜೆ ಏನು ಅಂತ ಚೀಟಿ ಬರೆದು ಅದರ ಮೇಲೇ ಅಂಟಿಸಿ, "120ರಲ್ಲಿ ಉಜ್ಜಬೇಕು", "ಎಡಗಡೆ ಕೀಲಿಗೆ ಸ್ಕ್ರೂ", ಹೀಗೆ, ಮುಂದಿನ ಬಿಡುವಲ್ಲಿ ಯೋಚನೆ ಮಾಡ್ತಾ ಕೂರೋದು ತಪ್ಪತ್ತೆ. ಪುಸ್ತಕಗಳಲ್ಲಿ ಎರಡನ್ನ ಇಟ್ಕೊಳ್ಳಿ, ಕಾಯೋ ಹೊತ್ತಿಗೆ ತುಂಡು ತುಂಡಾಗಿ ಓದ್ಬಹುದಾದ ಪ್ರಬಂಧ, ಸಣ್ಣಕಥೆ ಥರದ್ದು ಒಂದು, ರಾತ್ರಿ ಮಲಗೋ ಮುಂಚೆ ನಿಧಾನಕ್ಕೆ ಓದೋ ದೊಡ್ಡದು ಒಂದು. ಮಿಕ್ಕ ಎರಡನ್ನ ಕಪಾಟಿಗೆ ವಾಪಸ್ ಇಟ್ಬಿಡಿ.